ಹಗ್ಗದ ತೂತು

ಬೈತಖೋಲದ ಗುಡ್ಡದ ಮೇಲಿನ ಈ ಬಂಗಲೆಯಲ್ಲಿ
ಎರಡನೇ ನಂಬರಿನ ಕೋಣೆಗೇ ಬೇಡಿಕೆ ಜಾಸ್ತಿ.
ಕಿಟಕಿ ತೆರೆದರೆ ದೇವಗಡದ ದೀಪ,
ಕೆಳಗೆ ಬಂದರು, ಸಂಜೆ ಆರೂವರೆಗೆ
ಕೆಂಪಾಗಲೇಬೇಕಾದ ಸಮುದ್ರ.

ಕೀಲಿಗೊಂಚಲು ನನ್ನ ಸೊಂಟದಲ್ಲಿ.
ಹೊಸ ಮಾಲಕರು ಖಾಕಿ ಕೋಟು ಹೊಲಿಸಿದ್ದಾರೆ,
ಹಿತ್ತಾಳೆ ಗುಂಡಿ, ಕೆಂಪು ಪಟ್ಟಿ,
ತಲೆಗೆ ಕಟ್ಟಿಯೇ ಇಟ್ಟ ಜರಿಪೇಟ,
ಟೊಪ್ಪಿಯ ಹಾಗೆ ಇಟ್ಟುಕೊಂಡರಾಯಿತು.
ಆ ಕಾಲದ ವೇಷ ಅಂತ ಹೇಳಿದರು.
ಆ ಕಾಲದಲ್ಲಿ ಇಲ್ಲೇ ಇದ್ದ ನನ್ನಜ್ಜ ಕೇಮು
ಲಂಗೋಟಿ ಬಿಟ್ಟು ಬೇರೆ ಉಟ್ಟವನಲ್ಲ.

ನಿನ್ನೆ ಬಂದವರು ಹುಬ್ಬಳ್ಳಿ ಕಡೆಯವರು.
ಆರಾಮ ಕುರ್ಚಿಯ ಉದ್ದ ತೋಳಿಗೆ ಕಾಲು ಚಾಚಿ
ಒಬ್ಬೊಬ್ಬರಾಗಿ ಫೋಟೋ ಹೊಡೆಸಿಕೊಂಡರು.
"ಏನೇ ಹೇಳು, ಅವರೇ ಸರಿ ಮಾರಾಯಾ,
ಒಂದು ತೊಲೆ ಅಲುಗಿಲ್ಲ ನೋಡು.
ನಮ್ಮವರು ಕಟ್ಟಿದ್ದು ನಾಲ್ಕು ಮಳೆಗಾಲ ತಾಳೂದಿಲ್ಲ."
ಸುಳ್ಳಲ್ಲ.
ಕಾಳಿಯ ಸೇತುವೆ ನಡುರಾತ್ರಿ ನೀರಿಗೆ ಬಿದ್ದದ್ದನ್ನು
ಬೆಳಗಾದ ಮೇಲೆ ಹೋಗಿ ನಾನೂ ನೋಡಿ ಬಂದೆ.
ಇಲ್ಲಿ ತೊಲೆ ಅಲುಗಿಲ್ಲ.

ತೊಲೆ ಕದ್ರಾದಾಚೆಯದು.
ಅಲ್ಲಿ ಅಜ್ಜನ ಅಪ್ಪ ಕುಮರಿ ಕಡಿದು, ಸುಟ್ಟು,
ಬೂದಿ ಆರುವ ಮೊದಲೇ ರಾಗಿ ಚೆಲ್ಲುತ್ತಿದ್ದನಂತೆ.
ಒಂದು ವರ್ಷ ಗುಡ್ಡಕ್ಕೆ ಕಲ್ಲು ನೆಟ್ಟರು,
ಕಲ್ಲಿಗೆ ಸುಣ್ಣ ಬಳಿದರು.
ಕಲ್ಲಿನಾಚೆ ಸಾಗುವಾನಿಗೆ ಸುತ್ತಿಗೆಯ ಮುದ್ರೆ,
ಕಲ್ಲಿನೀಚೆ ಕತ್ತಿ ಹಿಡಿದವನಿಗೆ ದಂಡ.
ಮರ ಕಾಳಿಯಲ್ಲಿ ತೇಲಿ ಬಂದರಿಗೆ ಇಳಿಯಿತು.
ಮರದ ಹಿಂದೆ, ದಂಡೆಗುಂಟ ನಡೆದು,
ನಮ್ಮವರೂ ಇಳಿದರು.

ಎರಡನೇ ನಂಬರಿನ ಮಾಡಿನಲ್ಲಿ ಎರಡು ಕಬ್ಬಿಣದ ಕೊಂಡಿ.
ಗೋಡೆಯಲ್ಲಿ ಮುಷ್ಟಿ ತೂರುವಷ್ಟು ತೂತು,
ಅದರ ಕೆಳದುಟಿ ಸವೆದಿದೆ.
ಕೊಂಡಿಗೆ ಪಂಖಾ, ಪಂಖಾಕ್ಕೆ ಹಗ್ಗ,
ಹಗ್ಗದ ತುದಿಗೆ ಜಗಲಿಯಲ್ಲಿ ಅಂಗಾತ ಅಜ್ಜ.
ಹಗಲು ಕೈಯಲ್ಲಿ ಎಳೆದ,
ರಾತ್ರಿ ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡ.
ಒಳಗೆ ಮಲಗಿದ್ದು ಯಾರೆಂದು ಅವನಿಗೆ ತಿಳಿಯುತ್ತಿರಲಿಲ್ಲ.
ಗಾಳಿ ನಿಂತರೆ ಬೂಟು ಬರುತ್ತಿತ್ತು.
ಒಂದು ಸಲ ಎಡಗಿವಿಗೆ ಬಿತ್ತು;
ಆಮೇಲೆ ಊಟಕ್ಕೆ ಕರೆಯುವವರು
ಸುತ್ತು ಹಾಕಿ ಬಲಗಡೆಗೆ ಬರಬೇಕು.

ಅಜ್ಜಿ ಮಾತ್ರ ಕೊನೆತನಕ ಹೇಳುತ್ತಿದ್ದಳು:
ದೊರೆ ಒಳ್ಳೆಯವ, ಕಂಬಳಿ ಕೊಟ್ಟಿದ್ದ.
ಕಂಬಳಿ ಒಳ್ಳೆಯದೇ.
ಅದನ್ನೇ ಹೊದ್ದು ನಾನು ದೊಡ್ಡವನಾದೆ.

ಹೋದ ವರ್ಷ ಏಸಿ ಕೂರಿಸಲು ಬಂದ ಹುಡುಗ
ಕೊರೆಯುವ ಯಂತ್ರ ತೆಗೆದು ಗೋಡೆ ತಟ್ಟಿ ನೋಡಿದ.
"ಅರೆ, ತೂತು ಇದ್ದೇ ಇದೆಯಲ್ಲ!"
ಹಗ್ಗದ ಹಾದಿಯಲ್ಲೇ ತಾಮ್ರದ ಕೊಳವೆ ಹೋಯಿತು.
ಜಗಲಿಯಲ್ಲಿ, ಅವನ ಬೆನ್ನಿನ ಜಾಗದಲ್ಲಿ,
ಈಗ ಒಂದು ಪೆಟ್ಟಿಗೆ ಗುರುಗುಡುತ್ತ
ಬಿಸಿಯುಸಿರು ಬಿಡುತ್ತದೆ.
ಕೆಳಗೆ ಸದಾ ಒದ್ದೆ. ನಾನು ಒರೆಸುತ್ತೇನೆ.

ಕೊಂಡಿ ಯಾತಕ್ಕೆ ಎಂದು ಕೇಳುತ್ತಾರೆ.
ತೂಗುದೀಪಕ್ಕೆ ಸಾರ್, ಅನ್ನುತ್ತೇನೆ,
ಬೆಲ್ಜಿಯಂ ಗಾಜು, ನೂರು ಮೊಂಬತ್ತಿ.
ದೊರೆಸಾನಿ ಪಿಯಾನೋ ಬಾರಿಸಿದರೆ
ಬಲೆ ಎಳೆಯುವವರು ದೋಣಿ ನಿಲ್ಲಿಸಿ ಕೇಳುತ್ತಿದ್ದರಂತೆ.
ಪಿಯಾನೋ ಇರಲಿಲ್ಲ.
ನೂರರ ನೋಟು ಇತ್ತು, ಅದನ್ನು ಇಸಕೊಂಡೆ.

ನಿನ್ನೆ ರಾತ್ರಿ ಎರಡಕ್ಕೆ ಕರೆಂಟು ಹೋಯಿತು.
ಪೆಟ್ಟಿಗೆ ಒಮ್ಮೆ ನಡುಗಿ ಸುಮ್ಮನಾಯಿತು.
ಕಡಲೂ ಉಸಿರು ಕಟ್ಟಿದ ವೈಶಾಖ.
ಜಗಲಿಯಲ್ಲಿ ಚಾಪೆ ಹಾಸಿ ಮಲಗಿದ್ದೆ.
ಒಳಗಿನಿಂದ ನಿದ್ದೆಗಣ್ಣಿನ ದನಿ:
"ಯಾರಿದ್ದೀರಿ ಹೊರಗೆ? ಗಾಳಿ ನಿಂತಿತಲ್ಲ!"

ಬಂದೆ ಸಾರ್, ಅನ್ನಬೇಕು.
ಬಾಯಿ ತೆರೆಯುವ ಮೊದಲೇ
ಕತ್ತಲಲ್ಲಿ ನನ್ನ ಕಾಲ ಹೆಬ್ಬೆರಳು
ಒಮ್ಮೆ ಅಲುಗಿತು.